ನಟನ ಮರಣವೂ ನಾಯಕನ ಮರಣವೂ: ‘ವಕಾಂಡಾ ಫಾರೆವರ್’ ಚಲಚ್ಚಿತ್ರದ ರಸವಿಚಾರ

ಕವಿಯು ಕಾವ್ಯವನ್ನು ಮುಗಿಸದೆ ಕಾಲವಶನಾದರೆ ಉಳಿದ ಭಾಗವನ್ನು ಮತ್ತೊಬ್ಬನು ಬರೆದು ಪೂರೈಸಿದ ನಿದರ್ಶನಗಳು ಸಾಹಿತ್ಯಚರಿತ್ರೆಯಲ್ಲಿ ಅಪೂರ್ವವಲ್ಲ. ಬಾಣಭಟ್ಟನು ನಡುವೆ ಬಿಟ್ಟುಹೋದ ‘ಕಾದಂಬರಿ’ಯನ್ನು ಅವನ ಮಗನು ಮುಗಿಸಿದನು, ಪೂರ್ವೋತ್ತರಭಾಗಗಳೆರಡನ್ನೂ ಕೂಡಿಸಿಯೇ ನಮ್ಮ ನಾಗವರ್ಮನು ಆ ಕಥೆಯನ್ನು ಕನ್ನಡಿಸಿದನು. ಉತ್ತರಭಾಗವು ಪೂರ್ವಭಾಗಕ್ಕೆ ಸಾಟಿಯಲ್ಲವೆಂದು ರಸಿಕರು ಹೇಳಬಹುದು. ಆದರೆ ಮಹಾಶ್ವೇತೆಯು ಬಾಣನೊಡನೆ ಸಾಯಲಿಲ್ಲ. ಶಬ್ದದಿಂದ ಹುಟ್ಟಿದ ಪಾತ್ರವು ಶಬ್ದವಿರುವವರೆಗೂ ಬದುಕಬಲ್ಲುದು.

ನಟನ ವಿಷಯದಲ್ಲಿ, ಅದರಲ್ಲಿಯೂ ಚಲಚ್ಚಿತ್ರದ ನಟನ ವಿಷಯದಲ್ಲಿ, ಸಂಗತಿಯು ಬೇರೆಯಾಗಿದೆ. ರಂಗಸ್ಥಳದಲ್ಲಿ ರಾಮನ ವೇಷವನ್ನು ಕಟ್ಟುತ್ತಿದ್ದವನು ತೀರಿಕೊಂಡರೆ ಮತ್ತೊಬ್ಬನು ಕಿರೀಟವನ್ನು ಧರಿಸುತ್ತಾನೆ. ಹಳೆಯ ನಟನನ್ನು ಬಲ್ಲವರು ನಿಟ್ಟುಸಿರುಬಿಟ್ಟಾರು, ಆದರೆ ರಾಮನಿಗೆ ಸಾವು ಬಂದಿತೆಂದು ಯಾರೂ ತಿಳಿಯರು. ಚಲಚ್ಚಿತ್ರದಲ್ಲಿಯಾದರೋ ಅಭಿನಯವು ಒಮ್ಮೆ ನಡೆದು ಮುದ್ರಿತವಾಗಿಬಿಡುವುದರಿಂದಲೂ, ಲೋಕದ ಎಲ್ಲ ಕಡೆಗಳಲ್ಲಿಯೂ ಅದೊಂದೇ ಮುಖ, ಅದೊಂದೇ ಧ್ವನಿ ಕಾಣಕೇಳಬರುವುದರಿಂದಲೂ, ಅನುಕಾರ್ಯನಾದ ನಾಯಕನೂ ಅನುಕರ್ತೃವಾದ ನಟನೂ ಪ್ರೇಕ್ಷಕನ ಮನಸ್ಸಿನಲ್ಲಿ ಹಾಲೂ ನೀರೂ ಬೆರೆತಂತೆ ಬೆರೆತುಹೋಗುವರು. ಅಂತಹ ನಟನು ಕಥೆಯ ನಡುವೆ ಸತ್ತರೆ ನಾಯಕನ ಗತಿಯೇನು? 2022ನೆಯ ಇಸವಿ ನವೆಂಬರ್ ತಿಂಗಳಿನಲ್ಲಿ ತೆರೆಕಂಡ ‘ಬ್ಲ್ಯಾಕ್ ಪ್ಯಾಂಥರ್: ವಕಾಂಡಾ ಫಾರೆವರ್’ ಎಂಬ ಅಮೆರಿಕದ ಚಿತ್ರವು ಈ ಪ್ರಶ್ನೆಗೆ ಕೊಟ್ಟಿರುವ ಉತ್ತರವನ್ನು ಪರೀಕ್ಷಿಸುವುದು ಪ್ರಕೃತಲೇಖನದ ಉದ್ದೇಶ. ಅತಿಮಾನುಷವೀರರ ಸಾಹಸಕಥೆಯನ್ನು ವಿದ್ವಜ್ಜನರ ಮುಂದೆ ಚರ್ಚಿಸುವುದು ಉಚಿತವೇ ಎಂದು ಕೆಲವರು ಶಂಕಿಸಬಹುದು. ದೇವದಾನವರ ಕಾಳಗ, ಮಾಯೆ, ಇಂದ್ರಜಾಲಗಳಿಂದ ತುಂಬಿದ ಡಿಮವನ್ನೂ ಸಮವಕಾರವನ್ನೂ ದಶರೂಪಕಗಳಲ್ಲಿ ಸೇರಿಸಿ ಲಕ್ಷಣ ಹೇಳುವುದಕ್ಕೆ ನಮ್ಮ ಪೂರ್ವಿಕರು ಹಿಂಜರಿಯಲಿಲ್ಲವಾದ್ದರಿಂದ ನಾವೂ ಹಿಂಜರಿಯಬೇಕಾದುದಿಲ್ಲ.

ಮೊದಲು ವಸ್ತುಸ್ಥಿತಿಯನ್ನು ಸಂಕ್ಷೇಪವಾಗಿ ತಿಳಿಸುವುದು ಅವಶ್ಯಕ. ‘ಬ್ಲ್ಯಾಕ್ ಪ್ಯಾಂಥರ್’ ಎಂಬ ಕರಿಚಿರತೆಯ ವೇಷದ ವೀರನನ್ನು ಸ್ಟ್ಯಾನ್ ಲೀ, ಜ್ಯಾಕ್ ಕರ್ಬಿ ಎಂಬವರು 1966ರಲ್ಲಿ ಅಮೆರಿಕದ ಚಿತ್ರಕಥಾಪತ್ರಿಕೆಯೊಂದರಲ್ಲಿ ಸೃಷ್ಟಿಸಿದರು. ಆಫ್ರಿಕಖಂಡದಲ್ಲಿ ವಕಾಂಡಾ ಎಂಬ ಕಲ್ಪಿತರಾಜ್ಯವುಂಟು. ಪರಕೀಯರಿಗೆ ಎಂದಿಗೂ ಅಧೀನವಾಗದೆ, ವೈಬ್ರೇನಿಯಂ ಎಂಬ ಅದ್ಭುತಲೋಹದ ಬಲದಿಂದ ಗುಪ್ತವಾಗಿ ಅಭ್ಯುದಯವನ್ನು ಹೊಂದಿದ ಆ ರಾಜ್ಯದ ಅರಸನೇ ಟಿಚಾಲಾ. ಹೃದಯದ ಆಕಾರವುಳ್ಳ ಒಂದು ಮೂಲಿಕೆಯ ರಸವನ್ನು ಕುಡಿದು ಅವನು ಚಿರತೆಯ ಶಕ್ತಿಯನ್ನು ಪಡೆಯುತ್ತಾನೆ. ಚಾಡ್ವಿಕ್ ಬೋಸ್‌ಮನ್ನರು ಈ ಪಾತ್ರದಲ್ಲಿ ಮೊದಲು ಕಾಣಿಸಿಕೊಂಡದ್ದು 2016ರಲ್ಲಿ. ರಯಾನ್ ಕೂಗ್ಲರರು ನಿರ್ದೇಶಿಸಿದ ‘ಬ್ಲ್ಯಾಕ್ ಪ್ಯಾಂಥರ್’ 2018ರಲ್ಲಿ ಹೊರಬಂದು, 130 ಕೋಟಿ ಡಾಲರುಗಳಿಗೂ ಮೇಲ್ಪಟ್ಟ ವರಮಾನವನ್ನು ತಂದಿತಲ್ಲದೆ ವೇಷಭೂಷಣ, ರಂಗವಿನ್ಯಾಸ, ಸಂಗೀತ ಈ ಮೂರಕ್ಕೆ ಆಸ್ಕರ್ ಪುರಸ್ಕಾರಗಳನ್ನೂ ಪಡೆಯಿತು. ಈ ಅಂಕಿಗಳಿಗಿಂತ ಮುಖ್ಯವಾದ ಸಂಗತಿಯೊಂದಿದೆ. ದಾಸ್ಯದ ಇತಿಹಾಸವನ್ನು ಹೊತ್ತ ಜನವರ್ಗವೊಂದು ತನ್ನವನಾದ ಅರಸನನ್ನು, ತಲೆತಗ್ಗಿಸದವನನ್ನು, ತೆರೆಯ ಮೇಲೆ ಕಂಡಿತು. ಆ ಅರಸನು ಆಂಗ್ಲರ ಉಚ್ಚಾರಣೆಯಲ್ಲಾಗಲಿ ಅಮೆರಿಕದವರ ಉಚ್ಚಾರಣೆಯಲ್ಲಾಗಲಿ ಮಾತನಾಡಬಾರದೆಂದು ಹಟಹಿಡಿದವರು ಬೋಸ್‌ಮನ್ನರೇ. ದಕ್ಷಿಣಾಫ್ರಿಕದ ಷೋಸಾ ಭಾಷೆಯ ನಾದವನ್ನು ಅವರು ಆ ಪಾತ್ರದ ನಾಲಗೆಗೆ ತಂದರು. ಆದುದರಿಂದ ಪಾತ್ರದಲ್ಲಿ ಕವಿಯದೆಷ್ಟು, ನಟನದೆಷ್ಟು ಎಂಬ ಲೆಕ್ಕವು ಇಲ್ಲಿ ಸುಲಭವಲ್ಲ.

ಅವರಿಗೆ ದೊಡ್ಡಕರುಳಿನ ಅರ್ಬುದರೋಗವಿರುವುದು 2016ರಲ್ಲಿಯೇ ಗೊತ್ತಾಗಿತ್ತು. ಆ ಸಂಗತಿಯನ್ನು ಲೋಕಕ್ಕೆ ತಿಳಿಸದೆ, ಶಸ್ತ್ರಚಿಕಿತ್ಸೆ ಔಷಧೋಪಚಾರಗಳ ನಡುವೆಯೇ ನಾಲ್ಕು ವರ್ಷಗಳ ಕಾಲ ಅಭಿನಯಿಸಿ, 2020ನೆಯ ಆಗಸ್ಟ್ 28ರಂದು, ತಮ್ಮ 43ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಎರಡನೆಯ ಚಿತ್ರಕ್ಕಾಗಿ ಕೂಗ್ಲರರು ಬರೆದಿದ್ದ ಮೊದಲಿನ ಕಥೆ ಟಿಚಾಲಾನಿಗೂ ಅವನ ಮಗನಿಗೂ ಸಂಬಂಧಿಸಿದುದು. ಅದನ್ನು ಬಿಟ್ಟು ಹೊಸ ಕಥೆಯನ್ನು ಬರೆಯಬೇಕಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ನಿರ್ಮಾಪಕಸಂಸ್ಥೆಯಾದ ಮಾರ್ವೆಲಿನ ಮುಖ್ಯಸ್ಥ ಕೆವಿನ್ ಫೈಗಿಯವರು ಟಿಚಾಲಾನ ಪಾತ್ರಕ್ಕೆ ಬೇರೊಬ್ಬ ನಟರನ್ನು ಆರಿಸುವುದಿಲ್ಲವೆಂದು ಪ್ರಕಟಿಸಿದರು.

ಇಂತಹ ಸಂದರ್ಭದಲ್ಲಿ ಚಿತ್ರಕಾರರು ಹಿಂದೆ ಅನುಸರಿಸಿದ ಮಾರ್ಗಗಳು ಹಲವು. ‘ಹ್ಯಾರಿ ಪಾಟರ್’ ಚಿತ್ರಮಾಲೆಯಲ್ಲಿ ವೃದ್ಧಗುರುವಿನ ಪಾತ್ರವನ್ನು ವಹಿಸಿದ್ದ ರಿಚರ್ಡ್ ಹ್ಯಾರಿಸರು 2002ರಲ್ಲಿ ತೀರಿಕೊಂಡಾಗ ಮೈಕೇಲ್ ಗ್ಯಾಂಬನರು ಆ ಗಡ್ಡವನ್ನು ಧರಿಸಿದರು. ಗಡ್ಡವು ಬಹುಮಟ್ಟಿಗೆ ಮುಖವನ್ನು ಮರೆಸಿತು. ಪಾಲ್ ವಾಕರರು 2013ರಲ್ಲಿ ಅಪಘಾತದಿಂದ ಮಡಿದ ಬಳಿಕ ಅವರ ಸೋದರರ ದೇಹಗಳ ಮೇಲೆ ಅವರ ಮುಖವನ್ನು ಗಣಕಯಂತ್ರದಿಂದ ಕೂಡಿಸಿ 2015ರಲ್ಲಿ ಚಿತ್ರವನ್ನು ಮುಗಿಸಿದರು. ಪೀಟರ್ ಕುಷಿಂಗರು 1994ರಲ್ಲಿ ಸತ್ತವರು. 2016ರ ‘ರೋಗ್ ವನ್’ ಚಿತ್ರದಲ್ಲಿ ಅವರು ನಡೆದಾಡಿ ಮಾತನಾಡುವುದನ್ನು ಕಾಣುತ್ತೇವೆ. ಈ ಕೊನೆಯ ವಿಧಾನವನ್ನು ಬೇತಾಳವಿದ್ಯೆಯೆಂದು ಕರೆದರೆ ತಪ್ಪಾಗಲಾರದು. ಕೂಗ್ಲರರು ಇವುಗಳಲ್ಲಿ ಯಾವುದನ್ನೂ ಹಿಡಿಯದೆ, ನಟನು ಸತ್ತನಾದ್ದರಿಂದ ನಾಯಕನೂ ಸತ್ತನೆಂದು ಒಪ್ಪಿಕೊಂಡು ಅಲ್ಲಿಂದ ಕಥೆಯನ್ನು ಆರಂಭಿಸಿದರು.

ಈ ನಿರ್ಣಯಕ್ಕೆ ಎದುರಾಗಿ ಪ್ರೇಕ್ಷಕರಲ್ಲಿ ಒಂದು ಪಕ್ಷವೇ ಹುಟ್ಟಿತು. ಅವರ ವಾದವನ್ನು ಅಭಿಮಾನಿಗಳ ಹಟವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಟಿಚಾಲಾನು ಕಾಗದದ ಮೇಲೆ ಹುಟ್ಟಿ ತೆರೆಯ ಮೇಲೆ ಬರುವುದಕ್ಕೆ 50 ವರ್ಷಗಳು ಹಿಡಿದುವು. ಬಂದು ಕೆಲವೇ ವರ್ಷಗಳಲ್ಲಿ ನಟನೊಡನೆ ಅವನನ್ನೂ ಹೂಳುವುದೇಕೆ? ಬಿಳಿಯ ವೀರರ ಪಾತ್ರಗಳಲ್ಲಿ ನಟರು ಒಬ್ಬರಾದಮೇಲೊಬ್ಬರು ಬಂದುಹೋಗುತ್ತಿರುವಾಗ ಈ ಕರಿಯ ಅರಸನೊಬ್ಬನಿಗೆ ಮಾತ್ರ ಒಬ್ಬನೇ ನಟನೊಡನೆ ಸಹಗಮನವೇಕೆ? ಬೋಸ್‌ಮನ್ನರೇ ಬಾಳಿಸಬೇಕೆಂದು ದುಡಿದ ಪಾತ್ರವನ್ನು ಅವರ ಹೆಸರಿನಲ್ಲಿಯೇ ಮುಗಿಸಿಬಿಡುವುದು ಗೌರವವೋ ಅಪಚಾರವೋ? ಈ ಪ್ರಶ್ನೆಗಳಲ್ಲಿ ನಿಜವಾದ ನೋವಿದೆ. ಇವಕ್ಕೆ ಉತ್ತರವಿರುವುದಾದರೆ ಅದು ನಿರ್ಮಾಪಕರ ಪ್ರಕಟನೆಗಳಲ್ಲಿ ಸಿಕ್ಕತಕ್ಕುದಲ್ಲ, ಚಿತ್ರದಲ್ಲಿಯೇ ಸಿಕ್ಕಬೇಕು.

ಇಲ್ಲಿ ನಮ್ಮ ರಸಶಾಸ್ತ್ರದ ಹಳೆಯ ಚರ್ಚೆಯೊಂದನ್ನು ನೆನೆಯಬಹುದು. ರಸವು ಮುಖ್ಯವಾಗಿ ಅನುಕಾರ್ಯನಾದ ರಾಮಾದಿಗಳಲ್ಲಿ ಇರುವುದೆಂದು ಭಟ್ಟಲೋಲ್ಲಟನು ಹೇಳಿದನು. ನಟನಲ್ಲಿ ಅದನ್ನು ಪ್ರೇಕ್ಷಕನು ಊಹಿಸುತ್ತಾನೆಂದು ಶ್ರೀಶಂಕುಕನು ಹೇಳಿ, ಚಿತ್ರದಲ್ಲಿ ಬರೆದ ಕುದುರೆಯ ದೃಷ್ಟಾಂತವನ್ನು ಕೊಟ್ಟನು: ಅದನ್ನು ನೋಡುವಾಗ ನಮಗಾಗುವ ಜ್ಞಾನವು ನಿಜವೆಂದಾಗಲಿ, ಸುಳ್ಳೆಂದಾಗಲಿ, ಸಂಶಯವೆಂದಾಗಲಿ, ಸಾದೃಶ್ಯವೆಂದಾಗಲಿ ಹೇಳಬರುವಂತಿಲ್ಲ. ಸಾಮಾನ್ಯವಾದ ನಾಟಕಕ್ಕೆ ಈ ಮಾತು ಒಪ್ಪಬಹುದು. ಆದರೆ ಟಿಚಾಲಾನ ಶವಪೆಟ್ಟಿಗೆಯು ಬೀದಿಯಲ್ಲಿ ಬರುವಾಗ ಪ್ರೇಕ್ಷಕನಿಗಾಗುವ ಜ್ಞಾನವೇನು? ಪೆಟ್ಟಿಗೆಯು ಕಲ್ಪಿತ, ರಾಜ್ಯವು ಕಲ್ಪಿತ. ಸಾವು ಮಾತ್ರ ನಿಜ. ಚಿತ್ರತುರಗನ್ಯಾಯವು ಇಲ್ಲಿ ಮುಗ್ಗರಿಸುತ್ತದೆ.

ಅಭಿನವಗುಪ್ತಾಚಾರ್ಯನು ರಸಪ್ರತೀತಿಗೆ ಬರುವ ವಿಘ್ನಗಳು ಏಳೆಂದು ಎಣಿಸಿದ್ದಾನೆ. ಅವುಗಳಲ್ಲಿ ಒಂದು, ಪ್ರೇಕ್ಷಕನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿ ಕುಳಿತಿರುವುದು. ಮನೆಯಲ್ಲಿ ಸಾವಾಗಿರುವವನಿಗೆ ರಂಗದ ಮೇಲಿನ ಕರುಣವು ರಸವಾಗಿ ಪರಿಣಮಿಸಲಾರದು. ಅದು ಬರಿಯ ಶೋಕವಾಗಿಯೇ ಉಳಿಯುವುದು. ‘ವಕಾಂಡಾ ಫಾರೆವರ್’ ಚಿತ್ರಕ್ಕೆ ಬಂದವರಲ್ಲಿ ಬಹುಮಂದಿ ಇಂತಹ ಶೋಕವನ್ನು ಮನೆಯಿಂದಲೇ ತಂದವರು. ಇದರ ಅನುಭವ ಕನ್ನಡಿಗರಿಗೆ ಹೊಸದಲ್ಲ. ಪುನೀತ್ ರಾಜ್‌ಕುಮಾರರು 2021ನೆಯ ಅಕ್ಟೋಬರ್ 29ರಂದು ತೀರಿಕೊಂಡಮೇಲೆ, 2022ನೆಯ ಮಾರ್ಚ್ 17ರಂದು, ಎಂದರೆ ಅವರು ಹುಟ್ಟಿದ ದಿನದಂದೇ, ‘ಜೇಮ್ಸ್’ ಚಿತ್ರವು ತೆರೆಕಂಡಿತು. ತಮ್ಮನ ದೇಹಕ್ಕೆ ಅಣ್ಣ ಶಿವರಾಜ್‌ಕುಮಾರರು ಕಂಠವನ್ನು ಕೊಟ್ಟಿದ್ದರು. ಅಂತಹ ಚಿತ್ರದಲ್ಲಿ ಕಥೆಯ ಮಾತು ಕಿವಿಗೆ ಬೀಳುವ ಮುಂಚೆಯೇ ಕಂಠವು ಎದೆಗೆ ಬೀಳುವುದು. ಅಲ್ಲಿ ಪ್ರೇಕ್ಷಕನು ಕಾಣುವುದು ನಾಟಕವನ್ನಲ್ಲ, ಒಂದು ಮನೆಯ ದುಃಖವನ್ನು. ಅದು ಪವಿತ್ರವಾದುದೇ, ಆದರೆ ರಸವೆಂಬ ಹೆಸರಿಗೆ ಸಲ್ಲತಕ್ಕುದಲ್ಲ.

ಆಚಾರ್ಯನು ಈ ವಿಘ್ನಕ್ಕೆ ಹೇಳಿರುವ ಪರಿಹಾರವು ಗಮನಾರ್ಹವಾಗಿದೆ. ವಾದ್ಯ, ಗಾನ, ಅಲಂಕೃತವಾದ ಮಂಟಪ, ಚತುರರ ನೃತ್ಯ, ಇಂತಹ ಸರ್ವಸಾಧಾರಣವಾದ ರಂಜಕಗಳು ಪ್ರೇಕ್ಷಕನನ್ನು ಅವನ ಸ್ವಂತದ ಚಿಂತೆಯಿಂದ ಮೇಲಕ್ಕೆತ್ತುವುವು ಎಂದು ಅವನ ಅಭಿಪ್ರಾಯ. ಕೂಗ್ಲರರು ‘ಅಭಿನವಭಾರತೀ’ಯನ್ನು ಓದಿರುವ ಸಂಭವವಿಲ್ಲ. ಆದರೂ ಅವರು ಮಾಡಿರುವುದು ಇದನ್ನೇ. ಟಿಚಾಲಾನ ಅಂತ್ಯಯಾತ್ರೆಯಲ್ಲಿ ಊರಿಗೆ ಊರೇ ಬಿಳಿಯುಡಿಗೆಯನ್ನುಟ್ಟು ಬರುತ್ತದೆ; ಮದ್ದಳೆಗಳು ಬಾರಿಸುತ್ತವೆ; ಜನರು ಹಾಡುತ್ತಾರೆ, ಕುಣಿಯುತ್ತಾರೆ. ಬಳಿಕ ಪೆಟ್ಟಿಗೆಯು ಆಕಾಶದಲ್ಲಿ ನಿಂತ ನಾವೆಗೆ ಮೆಲ್ಲನೆ ಏರಿಹೋಗುತ್ತದೆ. ಪ್ರೇಕ್ಷಕನು ಒಬ್ಬಂಟಿಯಾಗಿ ತಂದ ದುಃಖವನ್ನು ಈ ಮೆರವಣಿಗೆಯು ತನ್ನೊಳಕ್ಕೆ ಸೇರಿಸಿಕೊಂಡು, ಅದನ್ನು ಒಂದು ಪ್ರಜೆಯ ದುಃಖವನ್ನಾಗಿ ಮಾಡುತ್ತದೆ. ಭಟ್ಟನಾಯಕನು ಸಾಧಾರಣೀಕರಣವೆಂದು ಕರೆದ ವ್ಯಾಪಾರವು ಇಲ್ಲಿ ಕಣ್ಣೆದುರಿಗೆ ನಡೆಯುವಂತೆ ನಮಗೆ ತೋರುತ್ತದೆ. ವೇಷಭೂಷಣಗಳನ್ನು ರಚಿಸಿದ ರೂತ್ ಕಾರ್ಟರರಿಗೆ 2023ರಲ್ಲಿ ಎರಡನೆಯ ಸಲ ಆಸ್ಕರ್ ದೊರೆತುದು ಈ ಬಿಳುಪಿನಿಂದಲೇ ಸಾರ್ಥಕವಾಯಿತೆಂದು ಹೇಳಬಹುದು.

ಮರಣವನ್ನು ಚಿತ್ರಿಸಿರುವ ರೀತಿಯೂ ಪರಿಶೀಲನೆಗೆ ಯೋಗ್ಯವಾಗಿದೆ. ತೆರೆ ಕತ್ತಲಾಗಿರುವಾಗಲೇ ತಂಗಿ ಶೂರಿಯು ದೇವತೆಗೆ ಮೊರೆಯಿಡುವ ಧ್ವನಿ ಕೇಳಿಬರುತ್ತದೆ. ಹಿಂದಿನ ಚಿತ್ರದಲ್ಲಿ ಶತ್ರುವಾದ ಕಿಲ್‌ಮಾಂಗರನು ಮೂಲಿಕೆಯ ತೋಟವನ್ನೇ ಸುಟ್ಟುಹಾಕಿದ್ದನು. ಅಣ್ಣನನ್ನು ಉಳಿಸುವುದಕ್ಕಾಗಿ ಅವಳು ಅದನ್ನು ಪ್ರಯೋಗಶಾಲೆಯಲ್ಲಿ ಮರಳಿ ಸೃಷ್ಟಿಸಲು ಹೆಣಗುತ್ತಿದ್ದಾಳೆ. ರೋಗದ ಹೆಸರನ್ನು ಯಾರೂ ಹೇಳುವುದಿಲ್ಲ. ರೋಗಿಯನ್ನು ನಾವು ನೋಡುವುದಿಲ್ಲ. ತಾಯಿ ರಮೋಂಡಾ ಒಳಕ್ಕೆ ಬಂದು ನಿಲ್ಲುತ್ತಾಳೆ. ಅಣ್ಣನು ಪಿತೃಗಳನ್ನು ಸೇರಿದನೆಂದು ಅವಳ ಮಾತಿನಿಂದಲೇ ತಿಳಿಯುತ್ತದೆ. ಮುಖ್ಯನಾಯಕನ ವಧೆಯನ್ನು ಎಲ್ಲಿಯೂ ತೋರಿಸಕೂಡದೆಂದು ಧನಂಜಯನು ‘ದಶರೂಪಕ’ದಲ್ಲಿ ವಿಧಿಸಿರುವುದು ವಾಚಕರಿಗೆ ತಿಳಿದೇ ಇದೆ, ‘ಊರುಭಂಗ’ದಂತಹ ಅಪವಾದಗಳನ್ನು ಬಿಟ್ಟರೆ ನಮ್ಮ ನಾಟಕಕಾರರು ಆ ವಿಧಿಯನ್ನು ಮೀರಿದ್ದು ಕಡಮೆ. ಇಲ್ಲಿ ಆ ಸಂಯಮವು ಅನಿವಾರ್ಯದಿಂದ ಬಂದುದು, ತೋರಿಸಲು ನಟನೇ ಇಲ್ಲವಷ್ಟೆ. ಆದರೆ ಅನಿವಾರ್ಯವಾದುದನ್ನೇ ಉಚಿತವಾದುದನ್ನಾಗಿ ಮಾಡಿಕೊಳ್ಳುವುದು ಕವಿಕರ್ಮ. ನಾಲ್ಕು ವರ್ಷ ರೋಗವನ್ನು ಮುಚ್ಚಿಟ್ಟುಕೊಂಡಿದ್ದ ನಟನ ಮೌನಕ್ಕೆ, ರೋಗದ ಹೆಸರನ್ನೆತ್ತದ ಈ ಮೌನವು ತಕ್ಕ ಪ್ರತಿಧ್ವನಿಯಾಗಿದೆ.

ಆರಂಭಭಾಗದಲ್ಲಿ ಬರುವ ನಿರ್ಮಾಪಕಸಂಸ್ಥೆಯ ಲಾಂಛನದ ವಿಷಯವನ್ನೂ ಹೇಳಬೇಕು. ಸಾಮಾನ್ಯವಾಗಿ ಅದು ವಾದ್ಯಘೋಷದೊಡನೆ, ಬೇರೆಬೇರೆ ವೀರರ ಬಿಂಬಗಳೊಡನೆ ಬರುವುದು. ಇಲ್ಲಿ ಘೋಷವಿಲ್ಲ, ಬಿಂಬಗಳೆಲ್ಲ ಬೋಸ್‌ಮನ್ನರವೇ. ಪೂರ್ವರಂಗದ ವಿಧಿಗಳೂ ಕಿರೀಟಾದಿ ವೇಷಗಳೂ ನಟನ ಸ್ವರೂಪವನ್ನು ಮರೆಸುವುದಕ್ಕಾಗಿ ಇರುವುವೆಂದು ಅಭಿನವಗುಪ್ತನ ಮತ. ಈ ಪೂರ್ವರಂಗವಾದರೋ ನಟನನ್ನು ನೆನಪಿಗೆ ತರುವುದಕ್ಕಾಗಿಯೇ ಇದೆ. ಶಾಸ್ತ್ರಕ್ಕೆ ಇದು ವಿರುದ್ಧವಲ್ಲವೇ ಎಂದರೆ, ವಿರುದ್ಧವೇ ಸರಿ. ಆದರೆ ಪ್ರೇಕ್ಷಕನು ಹೇಗೂ ಮರೆಯಲಾರದುದನ್ನು ಒಮ್ಮೆ ಬಾಯಿಬಿಟ್ಟು ಹೇಳಿಬಿಟ್ಟರೆ ಅದು ಮುಂದೆ ಕದ್ದುಬಂದು ಕಾಡುವುದಿಲ್ಲ.

ಅಂತ್ಯಯಾತ್ರೆಯ ಬಳಿಕ ಒಂದು ವರ್ಷ ಕಳೆಯುತ್ತದೆ. ಇಲ್ಲಿಂದ ಮುಂದಿನ ಕಥೆಯ ಅಸ್ಥಿಭಾರ ಒಂದು ಬಟ್ಟೆಯ ತುಂಡು ಎಂದರೆ ಅತಿಶಯೋಕ್ತಿಯಾಗದು. ಶೋಕದ ವರ್ಷವು ಮುಗಿದುದರ ಗುರುತಾಗಿ ಅಂದು ಉಟ್ಟ ಬಿಳಿಯುಡಿಗೆಯನ್ನು ಸುಡಬೇಕೆಂದು ತಾಯಿಯು ಮಗಳನ್ನು ನೀರಿನ ದಡಕ್ಕೆ ಕರೆದೊಯ್ಯುತ್ತಾಳೆ. ಗಾಳಿಯಲ್ಲಿ ಮಗನ ಸಾನ್ನಿಧ್ಯವನ್ನು ಕಂಡೆನೆಂದು ತಾಯಿ. ಅದು ಮನಸ್ಸು ತನ್ನ ಸಮಾಧಾನಕ್ಕೆ ಕಟ್ಟಿಕೊಂಡುದೆಂದು ವಿಜ್ಞಾನಿಯಾದ ಮಗಳು. ಶೂರಿಯು ಉಡಿಗೆಯನ್ನು ಸುಡುವುದಿಲ್ಲ. ಅದೇ ಸಮಯದಲ್ಲಿ ನೀರಿನೊಳಗಿಂದ ನಾಮೋರನು ಎದ್ದುಬರುತ್ತಾನೆ. ಈ ಎರಡು ಘಟನೆಗಳನ್ನು ಒಂದೇ ಸ್ಥಳದಲ್ಲಿ ಇಟ್ಟಿರುವುದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ಮುಗಿಯದ ಶೋಕದ ಬಾಗಿಲಿನಿಂದಲೇ ಯುದ್ಧವು ಒಳಕ್ಕೆ ಬರುತ್ತದೆ.

ನಾಮೋರನು ಬಿಲ್ ಎವರೆಟ್ಟರು 1939ರಲ್ಲಿ ಸೃಷ್ಟಿಸಿದ ಹಳೆಯ ಪಾತ್ರ. ಆದರೆ ಈ ಚಿತ್ರದಲ್ಲಿ ಅವನಿಗೆ ಕೊಟ್ಟಿರುವ ಚರಿತ್ರೆಯು ಹೊಸದು. ಹದಿನಾರನೆಯ ಶತಮಾನದಲ್ಲಿ ಯುಕಟಾನ್ ಪ್ರಾಂತದ ಮಾಯಾ ಜನರು ಸ್ಪೆಯಿನಿನವರು ತಂದ ರೋಗಗಳಿಗೂ ದಾಸ್ಯಕ್ಕೂ ಸಿಕ್ಕಿ ನಲುಗುತ್ತಿರುವಾಗ ಒಂದು ಮೂಲಿಕೆಯ ಪ್ರಭಾವದಿಂದ ಕೆಲವರು ನೀರಿನಲ್ಲಿ ಉಸಿರಾಡುವವರಾಗಿ ಸಮುದ್ರವನ್ನು ಸೇರಿ ತಲೋಕಾನ್ ಎಂಬ ರಾಜ್ಯವನ್ನು ಕಟ್ಟಿದರು. ಅವರಲ್ಲಿ ಮೊದಲು ಹುಟ್ಟಿದ ಮಗನೇ ಇವನು. ತನ್ನನ್ನು ಹುಟ್ಟಿದ ನೆಲದಲ್ಲಿ ಹೂಳಬೇಕೆಂಬ ತಾಯಿಯ ಇಚ್ಛೆಯನ್ನು ನೆರವೇರಿಸಲು ಅವನು ದಡಕ್ಕೆ ಬಂದಾಗ, ಸ್ಪೆಯಿನಿನವರ ತೋಟದಲ್ಲಿ ತನ್ನ ಜನರನ್ನು ಗುಲಾಮರನ್ನಾಗಿ ಹೊಡೆಯುವುದನ್ನು ಕಂಡು ಅದನ್ನು ಸುಟ್ಟುಹಾಕುತ್ತಾನೆ. ಸಾಯುತ್ತಿರುವ ಪಾದ್ರಿಯೊಬ್ಬನು ಅವನನ್ನು ಪ್ರೀತಿಯಿಲ್ಲದ ಮಗುವೆಂದು ಶಪಿಸಲು, ಆ ಶಾಪವನ್ನೇ ಅವನು ಹೆಸರಾಗಿ ಧರಿಸಿಕೊಳ್ಳುತ್ತಾನೆ. ಅವನ ದ್ವೇಷವೂ ಹೀಗೆ ಒಂದು ಅಂತ್ಯಕ್ರಿಯೆಯಲ್ಲಿಯೇ ಹುಟ್ಟಿದುದು. ಒಬ್ಬನು ತಾಯಿಯನ್ನು ಹೂಳಲು ಬಂದು ಊರನ್ನು ಸುಟ್ಟವನು; ಒಬ್ಬಳು ಅಣ್ಣನ ಶೋಕವಸ್ತ್ರವನ್ನು ಸುಡಲಾರದೆ ಲೋಕವನ್ನೇ ಸುಡಬಯಸಿದವಳು. ಪ್ರತಿನಾಯಕನು ನಾಯಿಕೆಯ ಮುಂದಿನ ರೂಪವಾಗಿ ನಿಂತಿರುವ ಈ ಕಟ್ಟಡವೇ ಚಿತ್ರದ ನಿಜವಾದ ಬಲ. ತಲೋಕಾನಿನಲ್ಲಿ ನಾಮೋರನು ಶೂರಿಗೆ ತನ್ನ ತಾಯಿಯ ಕೈಬಳೆಯನ್ನು ಕೊಡುತ್ತಾನೆ. ಅದರ ನಾರಿನಿಂದಲೇ ಅವಳು ಕೊನೆಗೆ ಹೃದಯಮೂಲಿಕೆಯನ್ನು ಮರಳಿ ಪಡೆಯುತ್ತಾಳೆ. ಒಬ್ಬ ತಾಯಿಯ ಸ್ಮಾರಕವು ಮತ್ತೊಬ್ಬ ತಾಯಿಗಾಗಿ ಸೇಡುತೀರಿಸುವ ಆಯುಧವಾಗುತ್ತದೆ. ಇದಕ್ಕಿಂತ ಕಹಿಯಾದ ಕೊಡುಗೆಯನ್ನು ಊಹಿಸುವುದು ಕಷ್ಟ.

ಮೂಲಿಕೆಯ ರಸವನ್ನು ಕುಡಿದವರು ಪಿತೃಲೋಕದಲ್ಲಿ ತಮ್ಮ ಹಿರಿಯರನ್ನು ಕಾಣುವರೆಂಬುದು ಮೊದಲ ಚಿತ್ರದಿಂದ ಬಂದ ಕಲ್ಪನೆ. ಶೂರಿಯು ಕುಡಿದಾಗ ಪ್ರೇಕ್ಷಕನು ಉಸಿರು ಬಿಗಿಹಿಡಿಯುತ್ತಾನೆ: ಈಗಲಾದರೂ ಅವನ ಮುಖವನ್ನು ತೋರಿಸುವರೇ? ಸಿಂಹಾಸನದ ಬಳಿ ನಿಂತಿರುವವನು ಕಿಲ್‌ಮಾಂಗರ್. ಮೂಲಿಕೆಯನ್ನು ಸುಟ್ಟವನು, ಸೇಡನ್ನೇ ಬಾಳಾಗಿ ಮಾಡಿಕೊಂಡವನು. ಅಣ್ಣನಂತೆ ಉದಾರಳಾಗುವೆಯೋ, ತನ್ನಂತೆ ಸೇಡು ತೀರಿಸಿಕೊಳ್ಳುವೆಯೋ ಎಂದು ಕೇಳುತ್ತಾನೆ. ನಟನಿಲ್ಲವೆಂಬ ಕೊರತೆಯು ಇಲ್ಲಿ ಅರ್ಥವಾಗಿ ಮಾರ್ಪಟ್ಟಿದೆ. ಅಣ್ಣನು ಬರದಿರುವುದು ಚಿತ್ರಕಾರರಿಗೆ ಸಾಧ್ಯವಾಗಲಿಲ್ಲವೆಂದಲ್ಲ, ಅವಳ ಎದೆಯಲ್ಲಿ ಅವನಿಗೆ ಅಂದು ಎಡೆಯಿರಲಿಲ್ಲವೆಂದು ಎಂಬ ಭಾವವು ಮೂಡುತ್ತದೆ. ಇಡೀ ಚಿತ್ರದಲ್ಲಿ ಧ್ವನಿಯೆಂದು ಕರೆಯಬಹುದಾದ ಸ್ಥಳವೊಂದಿದ್ದರೆ ಅದು ಇದೇ.

ಶೂರಿಯ ಪಾತ್ರದಲ್ಲಿ ಲೆಟಿಷಿಯಾ ರೈಟರ ಅಭಿನಯವು ಎಚ್ಚರವುಳ್ಳದ್ದು. ಆದರೆ ಚಿತ್ರದ ಭಾರವನ್ನು ಹೊತ್ತವರು ರಮೋಂಡಾ ಆಗಿ ಅಭಿನಯಿಸಿದ ಏಂಜೆಲಾ ಬ್ಯಾಸೆಟ್ಟರು. ನಟನು ಕೇವಲ ಪಾತ್ರೆ, ಪಾತ್ರೆಯು ರಸವನ್ನು ಸವಿಯುವುದಿಲ್ಲವೆಂಬುದು ಅಭಿನವಗುಪ್ತನ ಪ್ರಸಿದ್ಧವಾದ ಮಾತು. ಇಲ್ಲಿ ಪಾತ್ರೆಗಳೆಲ್ಲವೂ ಸವಿದಿದ್ದುವು, ಕಹಿಯನ್ನು. ನಿಜವಾದ ಕಣ್ಣೀರಿರುವಲ್ಲಿ ಅಭಿನಯವು ತಾನಾಗಿ ಒಳ್ಳೆಯದಾಗುವುದೆಂಬುದು ಭ್ರಮೆ. ಹಲವೆಡೆ ಅದು ಅಭಿನಯವನ್ನು ಕೆಡಿಸುವುದೂ ಉಂಟು. ಬ್ಯಾಸೆಟ್ಟರ ಹಿರಿಮೆಯು ಕಣ್ಣೀರಿನಲ್ಲಿಲ್ಲ. ಶೂರಿಯನ್ನು ರಕ್ಷಿಸಲಾರದೆ ಮರಳಿದ ಸೇನಾನಿ ಒಕೋಯೆಯನ್ನು ಸಿಂಹಾಸನದ ಮುಂದೆ ಪದಚ್ಯುತಳನ್ನಾಗಿ ಮಾಡುವಾಗ, ಗಂಡನನ್ನೂ ಮಗನನ್ನೂ ಕಳೆದುಕೊಂಡ ತಾನು ಇನ್ನೇನನ್ನು ಕೊಡಬೇಕೆಂದು ಅವರು ಗುಡುಗುವ ಸ್ಥಳದಲ್ಲಿ ಸ್ಥಾಯಿಯಾದ ಶೋಕದ ಮೇಲೆ ಕ್ರೋಧವು ಸಂಚಾರಿಯಾಗಿ ಹಾದುಹೋಗುವುದನ್ನು ನೋಡಬೇಕು. ಮಾರ್ವೆಲ್ ಚಿತ್ರವೊಂದರ ಅಭಿನಯಕ್ಕೆ ಆಸ್ಕರ್ ಪಂಕ್ತಿಯಲ್ಲಿ ಹೆಸರು ಬಂದುದು ಇದೇ ಮೊದಲು. ಪುರಸ್ಕಾರವು ಬೇರೆಯವರಿಗೆ ಹೋಯಿತು.

ದೋಷಗಳನ್ನು ಮರೆಮಾಚುವಂತಿಲ್ಲ. 161 ನಿಮಿಷಗಳ ಈ ಚಿತ್ರದಲ್ಲಿ ಅಂಗಿಯಾದ ಕರುಣಕ್ಕೆ ಅಂಗವಾಗದೆ ಸುಮ್ಮನೆ ತಳವೂರಿರುವ ಭಾಗಗಳು ಹೆಚ್ಚು. ಲೋಹವನ್ನು ಕಂಡುಹಿಡಿಯುವ ಯಂತ್ರವನ್ನು ನಿರ್ಮಿಸಿದ ವಿದ್ಯಾರ್ಥಿನಿ ರೀರೀ ವಿಲಿಯಮ್ಸಳ ಪ್ರಸಂಗ, ಬೀದಿಗಳಲ್ಲಿ ಮೋಟಾರುಗಳ ಬೆನ್ನಟ್ಟುವಿಕೆ, ಅಮೆರಿಕದ ಗೂಢಚಾರರ ಗೃಹಕಲಹ, ಇವು ಈ ಕಥೆಗೆ ಬೇಕಾದುವಲ್ಲ. ರೀರೀ 2025ರಲ್ಲಿ ಬಂದ ಬೇರೊಂದು ಕಥಾಮಾಲೆಯ ನಾಯಿಕೆಯಾದಳೆಂಬುದನ್ನು ನೆನೆದರೆ, ಅವಳನ್ನು ಇಲ್ಲಿಗೆ ಕರೆತಂದ ಕಾರಣವು ಸ್ಪಷ್ಟವಾಗುವುದು. ಸತ್ತವನ ಮನೆಗೆ ಸಂತಾಪ ಹೇಳಲು ಹೋದವನು ಮುಂದಿನ ಸಂತೆಯ ಪ್ರಕಟನೆಯನ್ನೂ ಹಂಚಿಬಂದಂತೆ ಇದೆ. ಕೊನೆಯ ಸಮುದ್ರಯುದ್ಧವೂ ಬೇರೆ ಹತ್ತು ಚಿತ್ರಗಳಲ್ಲಿ ನೋಡಿದುದೇ. ರಮೋಂಡಾಳ ಮರಣವು ಇನ್ನೂ ಗುರುತರವಾದ ಪ್ರಶ್ನೆ. ನಾಮೋರನು ರಾಜಧಾನಿಗೆ ನೀರನ್ನು ನುಗ್ಗಿಸಿದಾಗ ರೀರೀಯನ್ನು ಉಳಿಸಿ ಅವಳು ಮುಳುಗಿ ಸಾಯುತ್ತಾಳೆ. ತೋರಿಸಲಾಗದ ಮೊದಲನೆಯ ಮರಣಕ್ಕೆ ಬದಲಾಗಿ ತೋರಿಸಬಹುದಾದ ಎರಡನೆಯ ಮರಣವಿದು ಎಂದು ಸಮರ್ಥಿಸಬಹುದು. ಶೂರಿಯು ಶವವನ್ನು ತಬ್ಬಿ ಅಳುವುದಕ್ಕೆ ಇಲ್ಲಿ ಮಾತ್ರ ಅವಕಾಶ. ಆದರೆ ಮಗಳಲ್ಲಿ ಸೇಡನ್ನು ಹೊತ್ತಿಸುವುದಕ್ಕಾಗಿಯೇ ತಾಯಿಯನ್ನು ಬಲಿಕೊಟ್ಟ ಯಂತ್ರದ ಸದ್ದು ನಮಗೆ ಕೇಳಿಸದಿರಲಿಲ್ಲ.

ಶೂರಿಯು ನಾಮೋರನನ್ನು ಸೋಲಿಸಿ, ಕೊಲ್ಲದೆ ಬಿಡುತ್ತಾಳೆ. ಕರಿಚಿರತೆಯ ಮುಖವಾಡವನ್ನು ಅವಳು ಧರಿಸುವುದು ಚಿತ್ರಕಥಾಪತ್ರಿಕೆಗಳಲ್ಲಿ 2009ರಲ್ಲಿಯೇ ನಡೆದುಹೋದ ಸಂಗತಿ. ಪ್ಯಾಂಥರ್ ಎಂಬುದು ವಂಶಪರಂಪರೆಯಾದ ಪದವಿ, ಟಿಚಾಲಾ ಎಂಬವನು ವ್ಯಕ್ತಿ, ಎಂಬ ಭೇದವು ಮೂಲದಲ್ಲಿಯೇ ಇರುವುದರಿಂದ ವೇಷವನ್ನು ಉಳಿಸಿ ವ್ಯಕ್ತಿಯನ್ನು ಬಿಟ್ಟುಕೊಡುವುದು ಇಲ್ಲಿ ಸಾಧ್ಯವಾಯಿತು. ಆದರೂ ಬೇರೊಬ್ಬ ನಟನನ್ನು ತರಬೇಕೆಂದವರಿಗೆ ಇದು ಪೂರ್ಣವಾದ ಉತ್ತರವಲ್ಲ. ಅವರು ಕೇಳಿದ್ದು ಪದವಿಯನ್ನಲ್ಲ, ಆ ವ್ಯಕ್ತಿಯನ್ನು. 2022ರಲ್ಲಿ ಬೇರೊಬ್ಬರು ಆ ವೇಷದಲ್ಲಿ ನಿಂತಿದ್ದರೆ ಪ್ರೇಕ್ಷಕನ ಮನಸ್ಸು ಕ್ಷಣಕ್ಷಣಕ್ಕೂ ಹೋಲಿಸುತ್ತ ಕುಳಿತು, ರಸವು ಹತ್ತಿರ ಸುಳಿಯುತ್ತಿರಲಿಲ್ಲವೆಂಬುದು ನಮ್ಮ ನಂಬಿಕೆ. ಹತ್ತು ಇಪ್ಪತ್ತು ವರ್ಷಗಳ ಬಳಿಕ ಆ ಅಡ್ಡಿಯಿರಲಾರದು. ಆಗ ಮತ್ತೊಬ್ಬ ಟಿಚಾಲಾನು ಬರುವುದಕ್ಕೆ ಶಾಸ್ತ್ರದ ಆಕ್ಷೇಪವೇನೂ ಇಲ್ಲ.

ಚಿತ್ರಕಾರರೂ ಆ ಬಾಗಿಲನ್ನು ಪೂರ್ತಿಯಾಗಿ ಮುಚ್ಚಿಲ್ಲ. ಯುದ್ಧಾನಂತರ ಶೂರಿಯು ಹಾಯ್ಟಿ ದೇಶಕ್ಕೆ ಹೋಗುತ್ತಾಳೆ; ಟಿಚಾಲಾನ ಪ್ರಿಯೆಯಾದ ನಾಕಿಯಾ ಅಲ್ಲಿ ನೆಲೆಸಿದ್ದಾಳೆ. ಅಂದು ಸುಡದೆ ಬಿಟ್ಟ ಉಡಿಗೆಯನ್ನು ಶೂರಿಯು ಸಮುದ್ರತೀರದಲ್ಲಿ ಬೆಂಕಿಗೆ ಹಾಕಿ ಕುಳಿತಾಗ, ಹಳೆಯ ಚಿತ್ರಗಳ ತುಣುಕುಗಳಲ್ಲಿ, ಮಾತಿಲ್ಲದೆ, ಟಿಚಾಲಾನ ಮುಖವು ತೆರೆಯ ಮೇಲೆ ಬರುತ್ತದೆ. ಕಥೆಯೊಳಗೆ ಅವನ ಮುಖವನ್ನು ನೆನಪಾಗಿ ನಮಗೆ ಕೊಡುವುದು ಇದೊಂದೇ ಎಡೆಯಲ್ಲಿ. ಬೇತಾಳವಿದ್ಯೆಯ ಸೋಂಕು ಅದಕ್ಕಿಲ್ಲ. ಬಳಿಕ ನಾಕಿಯಾ ಒಬ್ಬ ಬಾಲಕನನ್ನು ಕರೆತರುತ್ತಾಳೆ. ಹಾಯ್ಟಿಯಲ್ಲಿ ಅವನ ಹೆಸರು ತೂಸಾಂ. 1791ರಲ್ಲಿ ಆ ದ್ವೀಪದ ಗುಲಾಮರು ಎದ್ದ ದಂಗೆಯಲ್ಲಿ ಮುಂದಾಳಾಗಿ ನಿಂತ ತೂಸಾಂ ಲೂವರ್ತ್ಯೂರನ ಹೆಸರದು. ವಕಾಂಡಾದಲ್ಲಿ ಅವನ ಹೆಸರು ಟಿಚಾಲಾ, ಟಿಚಾಲಾನ ಮಗ. ಕೂಗ್ಲರರು ಮೊದಲು ಬರೆದಿಟ್ಟು ಬಿಡಬೇಕಾಗಿಬಂದ ಕಥೆಯ ಮಗನು ಇವನೇ ಇರಬಹುದು. ಇದರಲ್ಲಿ ವ್ಯಾಪಾರದ ಮುಂದಾಲೋಚನೆಯು ಇದ್ದೇ ಇದೆ. ಸುಮಾರು 86 ಕೋಟಿ ಡಾಲರುಗಳನ್ನು ತಂದ ಚಿತ್ರದ ಹೆಸರನ್ನು ಯಾವ ವರ್ತಕನೂ ನೆಲದಲ್ಲಿ ಹೂಳಲಾರನು. ಆದರೆ ಆ ಬಾಲಕನು ವೀರನ ಮಾತುಗಳನ್ನೇನೂ ಆಡುವುದಿಲ್ಲ. ತಂದೆಯು ತನ್ನನ್ನು ತನ್ನ ಸಾವಿಗೆ ಮೊದಲೇ ಸಿದ್ಧಪಡಿಸಿದ್ದನೆಂದೂ, ರಾಜಭವನದ ಒತ್ತಡದಿಂದ ದೂರ ಬೆಳೆಯಲೆಂದು ಇಲ್ಲಿ ಇರಿಸಿದರೆಂದೂ ತಾಯಿಯ ಮಾತಿನಿಂದ ತಿಳಿಯುತ್ತದೆ. ಅವನು ಅತ್ತೆಯ ಮುಖವನ್ನು ನೋಡುತ್ತಾನೆ, ಅವಳು ಅವನ ಮುಖವನ್ನು ನೋಡುತ್ತಾಳೆ.